ನದಿಯ ಈಚೆ ದಡ

ಊರು ನೋಡುವುದರಲ್ಲಿ ಎರಡು ಬಗೆ. ಕೈಯಲ್ಲಿ ಪಟ್ಟಿ ಹಿಡಿದುಕೊಂಡು ನೋಡುವುದು ಒಂದು. ಪಟ್ಟಿಯನ್ನು ಮನೆಯಲ್ಲೇ ಮರೆತು ಬಂದು ನೋಡುವುದು ಇನ್ನೊಂದು. ಲಂಡನ್ನಿಗೆ ಹೋದ ಮೊದಲ ಎರಡು ವಾರ ನಾನೂ ನಮ್ಮಾಕೆಯೂ ಪಟ್ಟಿಯ ಪಂಗಡಕ್ಕೆ ಸೇರಿದ್ದೆವು. ಗೋಪುರ, ಗಡಿಯಾರ, ಅರಮನೆ, ವಸ್ತುಸಂಗ್ರಹಾಲಯ, ಒಂದನ್ನೂ ಬಿಡಲಿಲ್ಲ. ಮೂರನೆಯ ಶನಿವಾರ ಬೆಳಿಗ್ಗೆ ಮಗಳು ಕಾಫಿ ಲೋಟವನ್ನು ಮುಂದಿಟ್ಟು, “ಅಪ್ಪ, ಈ ಎರಡು ದಿನ ನೀವು ರೈಲು ಹತ್ತಕೂಡದು. ಇಲ್ಲೇ ಮನೆಯ ಸುತ್ತ ಓಡಾಡಿ. ಅಮ್ಮನ ಮಂಡಿಗೂ ಸ್ವಲ್ಪ ವಿಶ್ರಾಂತಿ ಬೇಕು” ಎಂದು ಅಪ್ಪಣೆ ಮಾಡಿದಳು. ಮಕ್ಕಳ ಮನೆಯಲ್ಲಿ ಅತಿಥಿಗಳಾದವರು ಮಕ್ಕಳ ಮಾತನ್ನು ಮೀರುವುದುಂಟೆ? ಒಪ್ಪಿಕೊಂಡೆವು.

ಅವರ ಮನೆ ಇರುವುದು ಲ್ಯಾಂಬೆತ್‌ನಲ್ಲಿ. ಥೇಮ್ಸ್ ನದಿಯ ದಕ್ಷಿಣ ದಡ; ಪಾರ್ಲಿಮೆಂಟ್ ಭವನದ ಎದುರು ದಡ. ಕೆಳಗಡೆ ವೆಸ್ಟ್‌ಮಿನ್‌ಸ್ಟರ್ ಸೇತುವೆ, ಮೇಲುಗಡೆ ವಾಕ್ಸ್‌ಹಾಲ್ ಸೇತುವೆ, ನಡುವೆ ಕೆಂಪು ಬಣ್ಣ ಬಳಿದ ಲ್ಯಾಂಬೆತ್ ಸೇತುವೆ. ಇವುಗಳ ನಡುವಿನ ದಡವೆಲ್ಲ ಸೇರಿ ಸುಮಾರು ಒಂದು ಮೈಲಿ. ಬಸವನಗುಡಿಯ ಮುದುಕರು ಬೆಳಗಿನ ಗಾಳಿಸೇವನೆಗೆ ನಡೆಯುವಷ್ಟೇ ದಾರಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಹೇಳಿದವನು ನಾನು. ಇಂಗ್ಲೆಂಡಿನ ದೊರೆಗಳ ಹೆಸರನ್ನು ಸಾಲಾಗಿ ಒಪ್ಪಿಸಬಲ್ಲೆ. ಆದರೆ ಈ ಒಂದು ಮೈಲಿಯ ವಿಷಯವಾಗಿ ನನಗೆ ತಿಳಿದದ್ದು ಏನೇನೂ ಇರಲಿಲ್ಲವೆಂಬುದು ಆ ಶನಿವಾರ ಭಾನುವಾರಗಳಲ್ಲಿ ಗೊತ್ತಾಯಿತು.

ನದಿಯ ಈ ಭಾಗದಲ್ಲಿ ಒಂದು ವಿಚಿತ್ರವಿದೆ. ಥೇಮ್ಸ್ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ನದಿ. ಆದರೆ ವಾಕ್ಸ್‌ಹಾಲಿನ ಬಳಿ ತಿರುಗಿ, ವೆಸ್ಟ್‌ಮಿನ್‌ಸ್ಟರಿನವರೆಗೆ ನೇರ ಉತ್ತರಕ್ಕೆ ಹರಿಯುತ್ತದೆ. ಆದ್ದರಿಂದ ಎಲ್ಲರೂ ದಕ್ಷಿಣ ದಡವೆಂದು ಕರೆಯುವ ಲ್ಯಾಂಬೆತ್ ನಿಜವಾಗಿ ಇರುವುದು ಪೂರ್ವ ದಡದಲ್ಲಿ. ಸಂಜೆಯ ಸೂರ್ಯ ಮುಳುಗುವುದು ನದಿಯಾಚೆ, ಅಧಿಕಾರದ ಕಟ್ಟಡಗಳ ಬೆನ್ನ ಹಿಂದೆ. ಸಮುದ್ರ ದೂರವಿದ್ದರೂ ಅದರ ಉಬ್ಬರ ಇಳಿತಗಳು ಇಲ್ಲಿಗೂ ಬರುತ್ತವೆ. ಬೆಳಿಗ್ಗೆ ಒಡ್ಡಿನ ಕಲ್ಲಿಗೆ ತಾಗುತ್ತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಆರೇಳು ಮೀಟರ್ ಇಳಿದು, ಕೆಸರನ್ನೂ ಕಲ್ಲುಹರಳನ್ನೂ ತೋರಿಸಿಬಿಡುತ್ತದೆ. ಕಾವೇರಿ, ಕೃಷ್ಣೆಯರನ್ನು ಕಂಡ ನಮಗೆ ದಿನಕ್ಕೆರಡು ಸಲ ಹಿಂದುಮುಂದಾಗಿ ಹರಿಯುವ ಹೊಳೆ ಒಂದು ಬಗೆಯ ತಮಾಷೆಯೇ.

ಶನಿವಾರ ಮೊದಲು ಹೋದದ್ದು ಬಸವಣ್ಣನವರನ್ನು ನೋಡಲು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ನದಿಯ ಒಡ್ಡಿನ ಮೇಲೆ, ಸಣ್ಣ ತೋಟವೊಂದರಲ್ಲಿ ಅವರ ಕಂಚಿನ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರ್ಗಿ ಕಡೆಯ ನೀರಜ್ ಪಾಟೀಲರ ಮುಂದಾಳುತನದಲ್ಲಿ ಅದು ಸ್ಥಾಪನೆಯಾಯಿತು. ೨೦೧೫ರ ನವೆಂಬರ್ ೧೪ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ಏಳು ಸಮುದ್ರದಾಚೆ ನಮ್ಮ ಅಣ್ಣನವರನ್ನು ಕಂಡಾಗ ಎದೆಯುಬ್ಬಿದ್ದು ನಿಜ. ಆದರೆ ಮನಸ್ಸು ಎಷ್ಟು ಸಣ್ಣದು ನೋಡಿ. ಒಂದೆರಡು ನಿಮಿಷವಾಗುವಷ್ಟರಲ್ಲಿ ಒಳಗೆ ಒಂದು ಮುಳ್ಳು ಆಡತೊಡಗಿತು. ಅದೇ ೨೦೧೫ರ ಮಾರ್ಚಿಯಲ್ಲಿ ಗಾಂಧೀಜಿಯ ಪ್ರತಿಮೆಯನ್ನು ಪಾರ್ಲಿಮೆಂಟಿನ ಎದುರಿನ ಚೌಕದಲ್ಲೇ ನಿಲ್ಲಿಸಿದರು. ಲಿಂಕನ್ ಅಲ್ಲಿದ್ದಾನೆ, ಮಂಡೇಲಾ ಅಲ್ಲಿದ್ದಾರೆ. ನಮ್ಮ ಬಸವಣ್ಣನವರು ಮಾತ್ರ ಈಚೆ ದಡದಲ್ಲಿ!

ಈ ಅಸಮಾಧಾನವನ್ನು ನಮ್ಮಾಕೆಯ ಮುಂದೆ ತೋಡಿಕೊಂಡೆ. ಅವಳ ತವರು ಬಾಗಲಕೋಟೆಯ ಕಡೆ; ಮದುವೆಯಾಗಿ ನಲವತ್ತು ವರ್ಷ ಬೆಂಗಳೂರಿನಲ್ಲಿದ್ದರೂ ಮಾತು ಮಾತ್ರ ಅಲ್ಲಿಯದೇ. ಬೆಂಚಿನ ಮೇಲೆ ಕುಳಿತು ಮಂಡಿ ತಿಕ್ಕಿಕೊಳ್ಳುತ್ತಲೇ ಹೇಳಿದಳು: “ಏನ್ರೀ, ಅಲ್ಲಿ ಬರೇ ಗದ್ದಲ. ಇಲ್ಲಿ ಹೊಳಿ ಐತಿ. ಹೊಳಿ ದಂಡಿ ಅವರಿಗೇನು ಹೊಸದೇನ್ರೀ?”

ಕೃಷ್ಣೆಯೂ ಮಲಪ್ರಭೆಯೂ ಕೂಡುವ ಸಂಗಮದಲ್ಲಿ ಓದಿ ಬೆಳೆದವರು, ಕೊನೆಗೆ ಅಲ್ಲೇ ಐಕ್ಯರಾದವರು ಬಸವಣ್ಣನವರು. ಅವಳ ಮಾತಿಗೆ ಉತ್ತರ ಹೊಳೆಯಲಿಲ್ಲ. ಆದರೆ ಮುಳ್ಳೂ ಹೋಗಲಿಲ್ಲ. ಈ ದಡ ಎಂಥದು, ಇಲ್ಲಿ ಯಾರು ಬದುಕಿದ್ದರು ಎಂದು ತಿಳಿದುಕೊಳ್ಳದೆ ತೀರ್ಪು ಹೇಳುವುದು ಚರಿತ್ರೆಯ ಮೇಷ್ಟ್ರಿಗೆ ಸಲ್ಲದು. ಹೇಗಿದ್ದರೂ ಎರಡು ದಿನದ ಪುರುಸೊತ್ತಿತ್ತು.

ಲ್ಯಾಂಬೆತ್ ಎಂಬ ಹೆಸರಿಗೆ ಕುರಿಮರಿಗಳನ್ನು ಇಳಿಸುವ ದಕ್ಕೆ ಎಂದು ಅರ್ಥ ಹೇಳುತ್ತಾರೆ. ಬಹುಕಾಲ ಇದು ಜೌಗು ನೆಲ, ಹುಲ್ಲುಗಾವಲು. ಆದರೆ ಜನರ ಓಡಾಟ ಬಹಳ ಹಳೆಯದು. ವಾಕ್ಸ್‌ಹಾಲ್ ಸೇತುವೆಯ ಬಳಿ ನೀರಿಳಿದಾಗ ಕೆಸರಿನಲ್ಲಿ ಮರದ ಕಂಬಗಳ ಬುಡಗಳು ಕಾಣುತ್ತವೆ. ೧೯೯೩ರಲ್ಲಿ ಅವು ತಜ್ಞರ ಕಣ್ಣಿಗೆ ಬಿದ್ದು, ಪರೀಕ್ಷೆಯಾಗಿ, ಕ್ರಿಸ್ತಪೂರ್ವ ೧೫೦೦ರ ಸುಮಾರಿನ ಕಟ್ಟಡದ ಉಳಿಕೆಯೆಂದು ತಿಳಿದುಬಂತು. ಸೇತುವೆಯೋ ದಕ್ಕೆಯೋ ಆಗಿದ್ದಿರಬೇಕು. ೨೦೧೦ರಲ್ಲಿ ಅಲ್ಲೇ ಹತ್ತಿರ ಸಿಕ್ಕ ಇನ್ನೂ ಕೆಲವು ಕಂಬಗಳು ಕ್ರಿಸ್ತಪೂರ್ವ ೪೫೦೦ರ ಸುಮಾರಿನವು. ಲಂಡನ್ ಎಂಬ ಊರನ್ನು ರೋಮನರು ಕಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಇಲ್ಲಿ ಯಾರೋ ಮರ ಕಡಿದು ನೀರಿನಲ್ಲಿ ನಿಲ್ಲಿಸಿದ್ದರು. ಆ ಕಂಬಗಳ ಪಕ್ಕದಲ್ಲೇ ಈಗ ಬ್ರಿಟಿಷ್ ಗೂಢಚಾರ ಇಲಾಖೆಯ ದೊಡ್ಡ ಕಟ್ಟಡ ಎದ್ದಿದೆ. ಯಾವುದು ಹೆಚ್ಚು ಗುಟ್ಟನ್ನು ಕಾಪಾಡಿಕೊಂಡಿದೆಯೆಂದು ಕೇಳಿದರೆ ನಾನು ಕಂಬಗಳ ಕಡೆಗೇ ಕೈ ತೋರಿಸುತ್ತೇನೆ.

ಅಲ್ಲಿಂದ ನದಿಯ ಒಡ್ಡಿನ ಮೇಲೆಯೇ ನಿಧಾನವಾಗಿ ಕೆಳಮುಖವಾಗಿ ನಡೆದು ಲ್ಯಾಂಬೆತ್ ಅರಮನೆಯ ಮುಂದೆ ಬಂದೆವು. ಇದು ರಾಜನ ಅರಮನೆಯಲ್ಲ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರದು. ೧೨೦೦ರ ಸುಮಾರಿನಿಂದ ಅವರ ಲಂಡನ್ ಬಿಡಾರ ಇಲ್ಲಿಯೇ. ರಾಜನಿಗೆ ಕೂಗಿದರೆ ಕೇಳಿಸಬೇಕು, ಆದರೆ ನಡುವೆ ಒಂದು ನದಿಯೂ ಇರಬೇಕು: ಧರ್ಮಾಧಿಕಾರಿಗೆ ಇದಕ್ಕಿಂತ ಬುದ್ಧಿವಂತಿಕೆಯ ಜಾಗ ಯಾವುದು? ಕೆಂಪು ಇಟ್ಟಿಗೆಯ ದೊಡ್ಡ ಹೆಬ್ಬಾಗಿಲು ೧೪೯೦ರ ದಶಕದ್ದು. ಶತಮಾನಗಳ ಕಾಲ ಆ ಬಾಗಿಲಲ್ಲಿ ಬಡವರಿಗೆ ರೊಟ್ಟಿ, ಕಾಸು ಹಂಚುತ್ತಿದ್ದರು. ಅದೇ ಅರಮನೆಗೆ ೧೩೮೧ರಲ್ಲಿ, ತಲೆಗಂದಾಯದಿಂದ ರೋಸಿಹೋದ ರೈತರು ನುಗ್ಗಿದ್ದರು. ಅಂದಿನ ಆರ್ಚ್‌ಬಿಷಪ್ ಸೈಮನ್ ಸಡ್‌ಬರಿ ರಾಜನ ಮಂತ್ರಿಯೂ ಆಗಿದ್ದವನು. ಟವರ್ ಕೋಟೆಯಲ್ಲಿ ಸಿಕ್ಕಿಬಿದ್ದು ತಲೆ ಕಳೆದುಕೊಂಡ. ಧರ್ಮದಂಡವೂ ಕಂದಾಯದ ಲೆಕ್ಕವೂ ಒಂದೇ ಕೈಯಲ್ಲಿದ್ದರೆ ಜನ ಎರಡನ್ನೂ ಒಂದೇ ಎಂದು ತಿಳಿಯುವುದು ಸಹಜವೇ.

ಅರಮನೆಗೆ ತಗುಲಿಕೊಂಡೇ ಸೇಂಟ್ ಮೇರಿ ಚರ್ಚು. ೧೯೭೨ರಲ್ಲಿ ಪೂಜೆ ನಿಂತು, ಕೆಡವುವ ಹಂತಕ್ಕೆ ಬಂದಿದ್ದ ಈ ಕಟ್ಟಡವನ್ನು ತೋಟಗಾರಿಕೆಯ ಅಭಿಮಾನಿಗಳು ಉಳಿಸಿಕೊಂಡು ೧೯೭೭ರಲ್ಲಿ ಉದ್ಯಾನಗಳ ವಸ್ತುಸಂಗ್ರಹಾಲಯ ಮಾಡಿದರು. ಉಳಿಸಬೇಕೆನಿಸಿದ್ದು ಅಂಗಳದಲ್ಲಿದ್ದ ಒಂದು ಸಮಾಧಿಯಿಂದ. ಟ್ರೇಡ್ಸ್‌ಕಂಟ್ ಎಂಬ ತಂದೆ ಮಗ ಇಬ್ಬರೂ ಹದಿನೇಳನೆಯ ಶತಮಾನದ ತೋಟಗಾರರು. ದೇಶದೇಶಗಳಿಂದ ಗಿಡ, ಬೀಜ, ಚಿಪ್ಪು, ಮೂಳೆ, ಆಯುಧ ಎಲ್ಲವನ್ನೂ ತಂದು ಲ್ಯಾಂಬೆತ್‌ನ ಮನೆಯಲ್ಲಿ ತುಂಬಿಸಿ, ಆರು ಪೆನ್ನಿ ಕೊಟ್ಟವರಿಗೆಲ್ಲ ತೋರಿಸುತ್ತಿದ್ದರು. ಕಾಸು ಕೊಟ್ಟ ಯಾರೇ ಆಗಲಿ ನೋಡಬಹುದಾಗಿದ್ದ ಮೊದಲ ವಸ್ತುಸಂಗ್ರಹಾಲಯ ಇಂಗ್ಲೆಂಡಿನಲ್ಲಿ ಇದೇ. ನೆರೆಯ ಎಲಿಯಾಸ್ ಆಷ್‌ಮೋಲ್ ಎಂಬಾತನ ಕೈಸೇರಿ, ೧೬೮೩ರಲ್ಲಿ ಅದು ಆಕ್ಸ್‌ಫರ್ಡಿನಲ್ಲಿ ಅವನ ಹೆಸರು ಹೊತ್ತು ನಿಂತಿತು. ಹೆಸರು ಹೋಯಿತು, ತೋಟಗಾರರು ಮಾತ್ರ ಇಲ್ಲೇ ಮಲಗಿದ್ದಾರೆ. ಪಕ್ಕದಲ್ಲಿ ‘ಬೌಂಟಿ’ ಹಡಗಿನಲ್ಲಿ ೧೭೮೯ರಲ್ಲಿ ನಾವಿಕರ ದಂಗೆಗೆ ಸಿಕ್ಕಿದ ಕ್ಯಾಪ್ಟನ್ ಬ್ಲೈ ಸಮಾಧಿ. ದೀವಿಹಲಸಿನ ಗಿಡಗಳನ್ನು ಸಾಗಿಸಲು ಹೋಗಿ ಕೆಟ್ಟ ಹೆಸರು ತೆಗೆದುಕೊಂಡವನು ಅವನು.

ಆ ಸಂಗ್ರಹಾಲಯದಲ್ಲಿ ಚಹಾ ಕುಡಿಯುತ್ತ ಕುಳಿತೆವು. ನಮ್ಮ ಕಾಲಡಿಯಲ್ಲೇ, ೨೦೧೬ರಲ್ಲಿ ದುರಸ್ತಿ ಮಾಡುವವರಿಗೆ ಮುಚ್ಚಿದ ನೆಲಮಾಳಿಗೆಯೊಂದು ಸಿಕ್ಕಿತಂತೆ. ಒಳಗೆ ೩೦ ಸೀಸದ ಶವಪೆಟ್ಟಿಗೆಗಳು. ಒಂದರ ಮೇಲೆ ಚಿನ್ನದ ಲೇಪದ ಬಿಷಪ್ ಕಿರೀಟ. ಆರ್ಚ್‌ಬಿಷಪ್ಪರು ಐವರು ಅಲ್ಲಿದ್ದರು. ೧೬೧೧ರಲ್ಲಿ ಹೊರಬಂದ ಪ್ರಸಿದ್ಧ ಇಂಗ್ಲಿಷ್ ಬೈಬಲಿನ ಮೇಲ್ವಿಚಾರಣೆ ಮಾಡಿದ್ದ ರಿಚರ್ಡ್ ಬ್ಯಾಂಕ್ರಾಫ್ಟ್ ಅವರಲ್ಲೊಬ್ಬರು.

ಇದೇ ಚರ್ಚಿನ ಗೋಡೆಯ ಮರೆಯಲ್ಲಿ, ೧೬೮೮ರ ಡಿಸೆಂಬರಿನ ಮಳೆಯ ರಾತ್ರಿ ಒಬ್ಬ ತಾಯಿ ಆರು ತಿಂಗಳ ಕೂಸನ್ನು ಅವುಚಿಕೊಂಡು ನಿಂತಿದ್ದಳು. ಅವಳು ಇಂಗ್ಲೆಂಡಿನ ರಾಣಿ, ಎರಡನೆಯ ಜೇಮ್ಸನ ಹೆಂಡತಿ ಮೇರಿ. ಗಂಡನ ಸಿಂಹಾಸನ ಕುಸಿಯುತ್ತಿತ್ತು. ಆಚೆ ದಡದ ಅರಮನೆಯಿಂದ ದೋಣಿಯಲ್ಲಿ ತಪ್ಪಿಸಿಕೊಂಡು ಬಂದು ಗಾಡಿಗಾಗಿ ಕಾಯುತ್ತಿದ್ದಳು. ಒಂದೆರಡು ದಿನದಲ್ಲಿ ದೊರೆಯೂ ಇದೇ ಕಡವಿನಲ್ಲಿ ದಾಟಿದ. ದಾಟುವಾಗ ರಾಜ್ಯದ ಮಹಾಮುದ್ರೆಯನ್ನು ನದಿಗೆ ಎಸೆದ. ಮುದ್ರೆಯಿಲ್ಲದೆ ಯಾರೂ ಪಾರ್ಲಿಮೆಂಟು ಕರೆಯಲಾರರೆಂಬ ಲೆಕ್ಕ. ಮುಂದೆ ಅದು ಬೆಸ್ತನೊಬ್ಬನ ಬಲೆಗೆ ಸಿಕ್ಕಿತೆಂದು ಹೇಳುತ್ತಾರೆ. “೧೬೮೮ರಲ್ಲಿ ಜೇಮ್ಸನು ದೇಶ ಬಿಟ್ಟು ಓಡಿಹೋದನು” ಎಂದು ಮೂವತ್ತು ವರ್ಷ ಒಂದೇ ಸಾಲಿನಲ್ಲಿ ಪಾಠ ಮಾಡಿದವನು ನಾನು. ಆ ಸಾಲಿನಲ್ಲಿ ಮಳೆಯೂ ಇರಲಿಲ್ಲ, ಕೂಸೂ ಇರಲಿಲ್ಲ, ಹುಟ್ಟು ಹಾಕಿದ ಅಂಬಿಗನೂ ಇರಲಿಲ್ಲ.

ಸಂಜೆ ಮತ್ತೆ ವಾಕ್ಸ್‌ಹಾಲಿನ ಕಡೆಗೆ ತಿರುಗಿದೆವು. ರೈಲ್ವೆ ಕಮಾನುಗಳ ಹಿಂದೆ ಮಕ್ಕಳು ಚೆಂಡಾಡುವ ಸಾಧಾರಣ ಹುಲ್ಲಿನ ಮೈದಾನವೊಂದಿದೆ. ಒಂದು ಕಾಲಕ್ಕೆ ಯೂರೋಪಿನಲ್ಲೆಲ್ಲ ಹೆಸರಾಗಿದ್ದ ವಾಕ್ಸ್‌ಹಾಲ್ ವಿಹಾರೋದ್ಯಾನ ಇದ್ದದ್ದು ಇಲ್ಲಿ. ೧೬೬೦ರ ದಶಕದಿಂದಲೂ ಜನ ದೋಣಿಯಲ್ಲಿ ಇಲ್ಲಿಗೆ ಬರುತ್ತಿದ್ದರು. ೧೭೨೯ರಲ್ಲಿ ಜೊನಾಥನ್ ಟೈಯರ್ಸ್ ಎಂಬ ವ್ಯವಹಾರಸ್ಥ ಅದನ್ನು ಗುತ್ತಿಗೆಗೆ ಹಿಡಿದು, ಒಂದು ಷಿಲಿಂಗ್ ಪ್ರವೇಶದರ ಇಟ್ಟು, ಸಂಗೀತ, ಚಿತ್ರ, ಸಾವಿರಾರು ದೀಪಗಳಿಂದ ಅದಕ್ಕೆ ಕಳೆ ತಂದ. ಷಿಲಿಂಗ್ ಕೊಟ್ಟ ದರ್ಜಿಯೂ ರಾಜಕುಮಾರನೂ ಒಂದೇ ದಾರಿಯಲ್ಲಿ ತಿರುಗಾಡಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ೧೭೪೯ರ ಏಪ್ರಿಲಿನಲ್ಲಿ ಹ್ಯಾಂಡೆಲ್‌ನ ಹೊಸ ಸಂಗೀತದ ಪೂರ್ವಾಭ್ಯಾಸ ಕೇಳಲು ೧೨,೦೦೦ ಜನ ಬಂದು, ಲಂಡನ್ ಸೇತುವೆಯ ಮೇಲೆ ಮೂರು ಗಂಟೆ ಗಾಡಿಗಳು ಅಲ್ಲಾಡಲಿಲ್ಲವೆಂದು ವರದಿಯಾಗಿತ್ತು. ಬೆಂಗಳೂರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಉದ್ಯಾನ ೧೮೫೯ರಲ್ಲಿ ಮುಚ್ಚಿತು. ಆದರೆ ಹೆಸರು ಬದುಕಿದೆ: ರಷ್ಯನ್ ಭಾಷೆಯಲ್ಲಿ ರೈಲು ನಿಲ್ದಾಣಕ್ಕೆ ಹೇಳುವ ‘ವೊಕ್ಜಾಲ್’ ಎಂಬ ಪದ ಇದರಿಂದಲೇ ಹುಟ್ಟಿದ್ದು.

ಒಂದು ಮೈಲಿಯ ಇನ್ನೊಂದು ತುದಿಯಲ್ಲಿ, ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬುಡದಲ್ಲಿ, ಫಿಲಿಪ್ ಆಸ್ಟ್‌ಲಿ ಎಂಬ ಹಳೆಯ ಅಶ್ವಸೈನಿಕನ ಕುದುರೆ ರಂಗಶಾಲೆಯಿತ್ತು. ಇಂದಿನ ಸರ್ಕಸ್ಸಿನ ಮೂಲಪುರುಷ ಅವನೇ. ಕುದುರೆ ಓಡುವ ವೃತ್ತಕ್ಕೆ ೪೨ ಅಡಿ ಅಗಲವೆಂಬ ಅಳತೆ ಅವನ ಕಾಲದಿಂದ ಬಂದದ್ದು. ಈ ಸಂಗತಿ ಓದುತ್ತಿದ್ದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಏಕೆಂದರೆ ೧೭೯೨ರಲ್ಲಿ ಆಸ್ಟ್‌ಲಿ ತನ್ನ ರಂಗದ ಮೇಲೆ ಬೆಂಗಳೂರಿನ ಮುತ್ತಿಗೆಯನ್ನು ಆಡಿಸಿದ! ಕಾರ್ನ್‌ವಾಲಿಸನ ದಂಡು ನಮ್ಮ ಕೋಟೆಯನ್ನು ಹಿಡಿದದ್ದು ೧೭೯೧ರ ಮಾರ್ಚಿಯಲ್ಲಿ. ಸುದ್ದಿ ಹಡಗಿನಲ್ಲಿ ತೇಲಿ ಬಂದು ತಲುಪುವುದಕ್ಕೇ ತಿಂಗಳುಗಳು ಬೇಕಿದ್ದ ಕಾಲದಲ್ಲಿ ಮಾರನೆಯ ವರ್ಷವೇ ಅದು ಇಲ್ಲಿ ಆಟವಾಯಿತು. ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಇಂದಿಗೂ ಉಳಿದಿರುವ ಕೋಟೆಯ ಬಾಗಿಲ ಮುಂದೆ ನಾನು ಸಾವಿರ ಸಲ ಬಸ್ಸಿಗೆ ಕಾದಿದ್ದೇನೆ. ಅಲ್ಲಿ ಸತ್ತವರ ಕಥೆ ಇಲ್ಲಿ ಟಿಕೆಟ್ಟಿನ ಮನರಂಜನೆ. ಕನ್ನಡ ನಾಡು ಈ ದಡಕ್ಕೆ ಮೊದಲು ಬಂದದ್ದು ಹೀಗೆ, ಗೆದ್ದವರ ಆಟದಲ್ಲಿ ಸೋತವರ ವೇಷ ತೊಟ್ಟು.

ಆ ರಾತ್ರಿ ಮಗಳ ಮನೆಯಲ್ಲಿ ಅನ್ನ ಸಾರು ಉಣ್ಣುತ್ತ ಅಳಿಯನೊಡನೆ ಈ ಮಾತೆಲ್ಲ ಆಯಿತು. “ಮಾವ, ನೀವು ಅರಮನೆ, ಆಟ ನೋಡಿದ್ದೀರಿ. ನಾಳೆ ಕೆಲಸ ನೋಡಿ” ಎಂದು ಆತ ಹೇಳಿದ. ಅದು ಒಳ್ಳೆಯ ಸಲಹೆ.

ಭಾನುವಾರ ಬೆಳಿಗ್ಗೆ ಬ್ಲ್ಯಾಕ್ ಪ್ರಿನ್ಸ್ ರಸ್ತೆಯ ಮೂಲೆಗೆ ಹೋದೆವು. ಅಲ್ಲಿ ೧೮೭೦ರ ದಶಕದ ಕಟ್ಟಡವೊಂದು, ಬಣ್ಣಬಣ್ಣದ ಸುಟ್ಟ ಮಣ್ಣಿನ ಅಲಂಕಾರ ಹೊತ್ತು, ಸುತ್ತಲಿನ ಗಾಜಿನ ಗೋಪುರಗಳ ನಡುವೆ ಮದುವೆಮನೆಯ ಅಜ್ಜಿಯಂತೆ ನಿಂತಿದೆ. ಡೌಲ್ಟನ್ ಕುಂಬಾರಿಕೆಯ ಕಾರ್ಖಾನೆಯಲ್ಲಿ ಉಳಿದದ್ದು ಇಷ್ಟೆ. ಬಾಗಿಲ ಮೇಲಿನ ಕಮಾನಿನಲ್ಲಿ ದೇವತೆಗಳಿಲ್ಲ, ದೊರೆಗಳಿಲ್ಲ. ಮಡಕೆ ನೋಡುತ್ತಿರುವ ಕುಂಬಾರರಿದ್ದಾರೆ. ಹ್ಯಾನಾ ಬಾರ್ಲೋ ಎಂಬ ಕಲಾವಿದೆ ಕುಳಿತು ಕೆಲಸ ಮಾಡುತ್ತಿದ್ದಾಳೆ. ಅವಳ ಕುರ್ಚಿಯ ಕೆಳಗೆ ಬೆಕ್ಕು. ಹಸಿ ಮಣ್ಣಿನ ಮೇಲೆ ಕುದುರೆ, ಜಿಂಕೆ, ಮೇಕೆಗಳನ್ನು ಗೀಚುವುದರಲ್ಲಿ ಅವಳದು ಎತ್ತಿದ ಕೈ. ೧೮೭೧ರಲ್ಲಿ ಅವಳೊಬ್ಬಳಿಂದ ಮೊದಲಾಗಿ, ಮುಂದೆ ನೂರಾರು ಹೆಂಗಸರು ಇಲ್ಲಿ ಕೆಲಸ ಮಾಡಿ ತಮ್ಮ ತಮ್ಮ ಕೈಕೆಲಸದ ಮೇಲೆ ತಮ್ಮದೇ ಗುರುತು ಹಾಕಿದರು.

ಕುಂಬಾರಿಕೆ ಈ ದಡಕ್ಕೇ ಏಕೆ ಬಂತು? ನದಿಯಲ್ಲಿ ಮಣ್ಣು, ಕಲ್ಲಿದ್ದಲು ತರುವುದು ಸುಲಭ, ಜಾಗ ಅಗ್ಗ, ಹೊಗೆ ಬಿಟ್ಟರೆ ಕೇಳುವವರಿಲ್ಲ. ಉಪ್ಪಿನ ಮೆರುಗಿನ ಪಾತ್ರೆ ಮಾಡುವಾಗ ಉರಿಯುವ ಆವಿಗೆಯೊಳಕ್ಕೆ ಉಪ್ಪನ್ನು ಎರಚುತ್ತಾರೆ. ಉಪ್ಪು ಸಿಡಿದು ಮಣ್ಣಿನ ಮೈಗೆ ಗಾಜಿನಂಥ ಹೊದಿಕೆಯಾಗುತ್ತದೆ. ಜೊತೆಗೆ ಆಮ್ಲದ ಹೊಗೆ ಏಳುತ್ತದೆ. ಮೆರುಗು ಊರಿಗೆ, ಹೊಗೆ ಲ್ಯಾಂಬೆತ್ತಿಗೆ. ಸಾಬೂನು, ಎಲುಬು, ಸುಣ್ಣ, ವಿನಿಗರ್ ಮೊದಲಾದ ಮೂಗು ಮುಚ್ಚಿಸುವ ಕಸುಬುಗಳೆಲ್ಲ ಆಚೆ ದಡಕ್ಕೆ ಬೇಡವಾಗಿ ಈಚೆ ದಡಕ್ಕೆ ಬಂದಂಥವೇ. ಅವುಗಳ ನಡುವಿನ ಓಣಿಗಳಲ್ಲಿ ಕೂಲಿಯವರು, ಅಂಬಿಗರು, ಬೆಸ್ತರು ತುಂಬಿದ್ದರು. ೧೮೯೦ರ ದಶಕದಲ್ಲಿ ಪುಟ್ಟ ಚಾರ್ಲಿ ಚಾಪ್ಲಿನ್ ತಾಯಿಯೊಡನೆ ಬಡವರ ಆಶ್ರಯದ ಮನೆ ಸೇರಿದ್ದೂ ಈ ಲ್ಯಾಂಬೆತ್ತಿನಲ್ಲೇ.

ಈ ಜನ ಕುಡಿಯುತ್ತಿದ್ದದ್ದು ಥೇಮ್ಸಿನ ನೀರು. ಊರಿನ ಕೊಳೆಯೆಲ್ಲ ಸೇರುತ್ತಿದ್ದುದೂ ಥೇಮ್ಸಿಗೇ. ಕಾಲರಾ ಬಂದಾಗಲೆಲ್ಲ ಮೊದಲ ತುತ್ತು ಈ ದಡವೇ. ೧೮೫೪ರಲ್ಲಿ ಮತ್ತೆ ಬಂದಾಗ ಜಾನ್ ಸ್ನೋ ಎಂಬ ವೈದ್ಯ ಮನೆಮನೆಯ ಬಾಗಿಲು ತಟ್ಟಿ ಒಂದೇ ಪ್ರಶ್ನೆ ಕೇಳುತ್ತ ಹೋದ: ನಿಮ್ಮ ಮನೆಯ ನೀರು ಯಾವ ಕಂಪನಿಯದು? ಒಂದೇ ಬೀದಿಯಲ್ಲಿ ಎರಡು ಕಂಪನಿಗಳ ಕೊಳಾಯಿಗಳಿದ್ದವು. ಲ್ಯಾಂಬೆತ್ ಕಂಪನಿ ೧೮೫೨ರಲ್ಲೇ ತನ್ನ ನೀರು ಎತ್ತುವ ಜಾಗವನ್ನು ಊರಿನ ಕೊಳೆ ತಲುಪದ ಮೇಲ್‌ಹರಿವಿಗೆ ಸಾಗಿಸಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಇನ್ನೂ ಊರೊಳಗಿನ ನದಿಯಿಂದಲೇ ಎತ್ತುತ್ತಿತ್ತು. ಮೊದಲ ಏಳು ವಾರಗಳ ಲೆಕ್ಕ ಹೀಗೆ ಬಂತು: ಕೊಳೆ ನೀರಿನ ಕಂಪನಿಯ ಪ್ರತಿ ೧೦,೦೦೦ ಮನೆಗಳಿಗೆ ೩೧೫ ಸಾವು, ಒಳ್ಳೆಯ ನೀರಿನ ಕಂಪನಿಯ ಪ್ರತಿ ೧೦,೦೦೦ ಮನೆಗಳಿಗೆ ೩೭. ಗಾಳಿ ಒಂದೇ, ಬೀದಿ ಒಂದೇ, ಬಡತನ ಒಂದೇ; ಬೇರೆ ಇದ್ದದ್ದು ನೀರು ಮಾತ್ರ. ರೋಗ ಕೆಟ್ಟ ಗಾಳಿಯಿಂದ ಬರುತ್ತದೆಂದು ನಂಬಿದ್ದ ದೊಡ್ಡವರು ಆಗ ಇದನ್ನು ಒಪ್ಪಲಿಲ್ಲ.

ಒಪ್ಪಿಸಿದ್ದು ಮೂಗು. ೧೮೫೮ರ ಬೇಸಿಗೆಯಲ್ಲಿ ನದಿ ಎಷ್ಟು ನಾರಿತೆಂದರೆ, ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಟ್ಟಬೇಕಾಯಿತು. ಈಚೆ ದಡದಲ್ಲಿ ಸಾವಿರಾರು ಜನ ಸತ್ತಾಗ ಅಲ್ಲಾಡದಿದ್ದ ಮಸೂದೆ, ವಾಸನೆ ಆಚೆ ದಡಕ್ಕೆ ಮುಟ್ಟಿದಾಗ ೧೮ ದಿನದಲ್ಲಿ ಕಾನೂನಾಯಿತು. ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರು ಊರಿನಡಿಯಲ್ಲಿ ೮೨ ಮೈಲಿ ಹೆಗ್ಗಾಲುವೆಗಳನ್ನು ಕಟ್ಟಿ ಕೊಳೆಯನ್ನು ನದಿಯಿಂದ ತಪ್ಪಿಸಿದ. ನಾವು ಎರಡು ದಿನ ನಡೆದ ಆಲ್ಬರ್ಟ್ ಒಡ್ಡನ್ನು ೧೮೬೬ರಿಂದ ೧೮೬೯ರವರೆಗೆ ಕಟ್ಟಿಸಿದವನೂ ಅವನೇ. ತಗ್ಗು ನೆಲಕ್ಕೆ ನದಿ ನುಗ್ಗುವುದು ತಪ್ಪಿತು. ಅದರ ಬೆಲೆಯಾಗಿ ದಡದ ದೋಣಿ ಕಟ್ಟುವ ಅಂಗಳಗಳೂ ಬೆಸ್ತರ ಮನೆಗಳೂ ಹೋದವು. ಒಳ್ಳೆಯ ಕೆಲಸಕ್ಕೂ ನೆಲ ಬಿಟ್ಟುಕೊಡಬೇಕಾದವರು ಸಾಮಾನ್ಯವಾಗಿ ಇಂಥವರೇ.

ಮನೆಮನೆಯ ಕೊಳೆಯನ್ನು ಆ ಹೆಗ್ಗಾಲುವೆಗೆ ಮುಟ್ಟಿಸಲು ಕೊಳವೆ ಬೇಕಲ್ಲ? ನೀರು ಹೀರದ, ಸೋರದ, ಆಮ್ಲಕ್ಕೆ ಕರಗದ ಕೊಳವೆ. ಅದನ್ನು ಮಾಡಿದವರು ಇದೇ ಓಣಿಯ ಕುಂಬಾರರು. ಹೆನ್ರಿ ಡೌಲ್ಟನ್ ೧೮೪೬ರಲ್ಲೇ ಉಪ್ಪಿನ ಮೆರುಗಿನ ಕೊಳವೆಗಳಿಗಾಗಿ ಲ್ಯಾಂಬೆತ್ತಿನಲ್ಲಿ ಕಾರ್ಖಾನೆ ತೆರೆದಿದ್ದ. ಅರಮನೆಗಳ ಗಾಜಿನ ಕಪಾಟಿನಲ್ಲಿ ಡೌಲ್ಟನ್ ಹೂದಾನಿ ಕಂಡವರು ಬಹಳ. ಆದರೆ ಹೂದಾನಿಗಿಂತ ನೆಲದಡಿಯಲ್ಲಿ ಹೂತು ಹೋದ ಆ ಕಂದು ಕೊಳವೆ ಎಷ್ಟೋ ಹೆಚ್ಚು ಜನರ ಪ್ರಾಣ ಉಳಿಸಿತು. ಯಾರ ಹೊಗೆಯನ್ನು ಊರು ದೂರವಿಟ್ಟಿತ್ತೋ ಅವರ ಕೈಕೆಲಸವೇ ಊರನ್ನು ಕಾಲರಾದಿಂದ ಕಾದದ್ದು. ಶುದ್ಧ ಗಾಳಿಯ ಹೊಸ ನಿಯಮಗಳಿಂದ ಉಪ್ಪಿನ ಆವಿಗೆಗೆ ಅವಕಾಶ ತಪ್ಪಿ, ೧೯೫೬ರಲ್ಲಿ ಲ್ಯಾಂಬೆತ್ತಿನ ಆವಿಗೆ ಆರಿತು.

ಆ ಕಮಾನಿನ ಕೆಳಗೆ ನಿಂತಿದ್ದಾಗ ನನಗೆ ಹರಿಹರನು ರಗಳೆ ಬರೆದ ಕುಂಬಾರ ಗುಂಡಯ್ಯ ನೆನಪಾದ. ಮಡಕೆ ತಟ್ಟುವ ಸದ್ದಿಗೆ ಶಿವನೇ ಕುಣಿದನಂತೆ. ಅಂಬಿಗರ ಚೌಡಯ್ಯ ನೆನಪಾದ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ ನೆನಪಾದರು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ಅಧಿಕಾರದ ದಡ ಅವರಿಗೆ ಗೊತ್ತಿಲ್ಲದ್ದಲ್ಲ. ಖಜಾನೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ಆದರೆ ಅವರು ಕೂಡಿದ್ದು ಯಾರೊಡನೆ? ಮಣ್ಣು ತುಳಿಯುವವರು, ಹುಟ್ಟು ಹಾಕುವವರು, ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು, ಊರ ಹೊರಗೆ ಇಟ್ಟವರೊಡನೆ. ಕಸುಬನ್ನು ಕಾಯಕವೆಂದು ಎತ್ತಿ ಹಿಡಿದದ್ದು ಆ ಸಂಗದಲ್ಲಿ.

ಸಂಜೆ ಕೊನೆಯ ಸಲ ಒಡ್ಡಿನ ಮೇಲೆ ಕೆಳಮುಖವಾಗಿ ಹೋದೆವು. ೧೮೭೧ರಲ್ಲಿ ಇಲ್ಲಿಗೆ ಬಂದ ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ, ನೇರ ಪಾರ್ಲಿಮೆಂಟಿನ ಎದುರಿಗೆ, ಒಡ್ಡಿನ ಗೋಡೆಯುದ್ದಕ್ಕೂ ಕೆಂಪು ಹೃದಯಗಳನ್ನು ಬರೆದಿದ್ದಾರೆ. ೨೦೨೧ರಲ್ಲಿ ಕೋವಿಡ್ಡಿನಲ್ಲಿ ಸತ್ತವರ ಮನೆಯವರು, ಸ್ವಯಂಸೇವಕರು ಕುಂಚ ಹಿಡಿದು ಆರಂಭಿಸಿದ್ದು. ಒಬ್ಬೊಬ್ಬರಿಗೆ ಒಂದೊಂದು ಹೃದಯ, ಈಗ ಎರಡು ಲಕ್ಷಕ್ಕೂ ಹೆಚ್ಚು. ಸುಮಾರು ಅರ್ಧ ಕಿಲೋಮೀಟರ್ ಗೋಡೆ. ನಡೆಯುತ್ತ ನಡೆಯುತ್ತ ನಾವು ಮಾತು ನಿಲ್ಲಿಸಿದೆವು. ನಮ್ಮ ಮನೆಯಲ್ಲೂ ಆ ವರ್ಷ ಒಬ್ಬರು ಹೋದರು. ಅವರ ಮುಖವನ್ನೂ ಸರಿಯಾಗಿ ನೋಡಲಾಗಲಿಲ್ಲ. ನಮ್ಮಾಕೆ ಗೋಡೆಗೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಎದುರು ದಡದಲ್ಲಿ ಪಾರ್ಲಿಮೆಂಟಿನ ಕಿಟಕಿಗಳು. ಕಾನೂನು ಮಾಡುವವರು ತಲೆಯೆತ್ತಿದರೆ ಕಾಣುವಂತೆ ಈ ಗೋಡೆಯನ್ನೇ ಆರಿಸಿಕೊಂಡಿದ್ದಾರೆ. ಆಚೆ ದಡದಲ್ಲಿದ್ದರೆ ಇದು ಕಟ್ಟಡದ ಬುಡದಲ್ಲಿ ಮರೆಯಾಗಿಬಿಡುತ್ತಿತ್ತು. ಎದುರಿನಿಂದ ಮಾತಾಡಬೇಕಾದವರು ಎದುರು ದಡದಲ್ಲೇ ನಿಲ್ಲಬೇಕು.

ಹಿಂದಿರುಗುವ ದಾರಿಯಲ್ಲಿ ಮತ್ತೆ ಬಸವಣ್ಣನವರ ಮುಂದೆ ಕುಳಿತೆವು. ನೀರಿಳಿದಿತ್ತು. ಗೋಡೆಯಿಂದ ಬಗ್ಗಿ ನೋಡಿದರೆ ಕೆಸರಿನಲ್ಲಿ ಇಟ್ಟಿಗೆಯ ಹರಕು, ಚಿಪ್ಪು, ಕಂದು ಬಣ್ಣದ ಚೂರುಗಳು. ಪರವಾನಗಿ ಇಲ್ಲದೆ ಅಲ್ಲಿಂದ ಏನನ್ನೂ ಎತ್ತಕೂಡದೆಂಬ ನಿಯಮವಿದೆ. ಎತ್ತುವ ಮನಸ್ಸೂ ನಮಗಿರಲಿಲ್ಲ. ಸೂರ್ಯ ಆಚೆ ದಡದ ಕಟ್ಟಡಗಳ ಹಿಂದೆ ಇಳಿಯುತ್ತಿದ್ದ. ಅವುಗಳ ನೆರಳು ನದಿಯ ಮೇಲೆ ಚಾಚಿತ್ತು. ಕೊನೆಯ ಬಿಸಿಲು ಬಿದ್ದದ್ದು ಈಚೆ ದಡದ ಮೇಲೆ, ಕಂಚಿನ ಆ ಮುಖದ ಮೇಲೆ.

“ನಿನ್ನೆ ನೀನು ಹೇಳಿದ್ದು ಸರಿ” ಎಂದೆ.

“ನಾ ಏನು ಹೇಳಿದ್ದೆ?” ಎಂದು ಕೇಳಿದಳು. ಅವಳಿಗೆ ಅದು ಆಗಲೇ ಮರೆತುಹೋಗಿತ್ತು. “ಏಳ್ರಿ, ಚಳಿ ಆಗಾಕ ಹತ್ತೇತಿ. ಮಗಳು ದಾರಿ ಕಾಯ್ತಿರ್ತಾಳ.”

ಎದ್ದೆವು. ನದಿ ಮತ್ತೆ ತುಂಬುವುದಕ್ಕೆ ಮೊದಲಾಗಿತ್ತು.